ಎಲ್ಲರಿಗೂ ಒಂದೇ ಹರಿವಾಣ

ಅಮೆರಿಕದ ಸೆಂಟರ್‌ವಿಲ್‌ನ ಮಸೀದಿಯ ಮುಂದೆ ಕಾರು ನಿಂತರೂ ಜಮೀಲ್‌ನ ವಾದ ನಿಂತಿರಲಿಲ್ಲ.

“ಸಂಡೆ ಸ್ಕೂಲ್‌ಗೆ ಕಳಿಸೋದು ನಮ್ಮ ದೀನ್, ನಮ್ಮ ಧರ್ಮ ಕಲೀಲಿ ಅಂತ. ಸುಮಾತ್ರಾದವರ ಊಟದ ಪದ್ಧತಿ ಯಾಕೆ ನಾಸಿರಾ? ಎರಡೂ ಮಿಕ್ಸ್ ಮಾಡಿದ್ರೆ ಯಾವುದು ಧರ್ಮ, ಯಾವುದು ಊರಿನ ರೂಢಿ ಅಂತ ಮಕ್ಕಳಿಗೆ ಹೇಗೆ ಗೊತ್ತಾಗತ್ತೆ?”

“ಕ್ಲಾಸ್ ನೋಡದೇನೇ ನಿಲ್ಲಿಸ್ತೀರಾ? ಒಂದ್ಸಲ ಕೂತು ನೋಡಿ. ಆಮೇಲೆ ಕಮಿಟೀಲಿ ಏನು ಬೇಕಾದ್ರೂ ಹೇಳಿ.”

ನಾಸಿರಾ ಆ ಭಾನುವಾರದ ಶಾಲೆಯ ಮುಖ್ಯಸ್ಥೆ, ಅವಳ ಗಂಡ ಜಮೀಲ್ ಕಮಿಟಿಯ ಸದಸ್ಯ. ಊಟದ ಪದ್ಧತಿ ಕಲಿಸುವ ಯುಸ್ನಿದಾರ್ ಅವರ ತರಗತಿ ಉಳಿಯಬೇಕೋ ಬೇಡವೋ ಎಂದು ಮಧ್ಯಾಹ್ನದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನಾಂಗದ ಆಕೆಯನ್ನು ಮಕ್ಕಳು ಅವರ ಭಾಷೆಯಲ್ಲೇ ‘ಉನಿ’, ಅಂದರೆ ಅಕ್ಕ, ಎನ್ನುತ್ತಿದ್ದರು.

ಜಮೀಲ್ ಕೆಟ್ಟವನಲ್ಲ. ಬಾಯಿಪಾಠ ಮಾಡಿಸುವುದರಲ್ಲಂತೂ ಅವನದು ಎತ್ತಿದ ಕೈ. ‘ಬಲಗೈಯಲ್ಲಿ ತಿನ್ನು, ನಿನ್ನ ಮುಂದಿರುವುದನ್ನು ತಿನ್ನು’ ಎಂಬ ಪ್ರವಾದಿಯವರ ಮಾತನ್ನು ಮಗಳು ಶಿಫಾಗೆ ಅರಬ್ಬಿಯಲ್ಲೇ ಕಲಿಸಿದ್ದ. ಮನೆಯಲ್ಲಿ ಮಾತ್ರ ಮೂವರೂ ತಂತಮ್ಮ ತಟ್ಟೆ, ತಂತಮ್ಮ ಫೋನು ಹಿಡಿದು ಮೂರು ಮೂಲೆಗೆ ಕೂರುತ್ತಿದ್ದರು.

ತರಗತಿಯ ನೆಲದ ಮೇಲೆ ಅಗಲವಾದ ಹರಿವಾಣಗಳಿದ್ದವು, ಸುತ್ತಲೂ ಮಕ್ಕಳು. ಉನಿ ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮಲ್ಲಿ ಮದುವೆ, ಹಬ್ಬಗಳಲ್ಲಿ ಹೀಗೆ ಉಣ್ಣುತ್ತೇವೆ. ಹಿರಿಯರು ಮೊದಲು. ತುತ್ತಿನ ಕೆಳಗೆ ಎಡಗೈ ಹಿಡಿಯಬೇಕು, ಉದುರಿದ ಅಗುಳು ಮತ್ತೆ ಎಲ್ಲರ ಅನ್ನಕ್ಕೆ ಬೀಳಬಾರದು. ಇದು ನಮ್ಮ ರೂಢಿ, ಧರ್ಮದ ವಿಧಿಯಲ್ಲ. ಆದರೆ ‘ನಿನ್ನ ಮುಂದಿರುವುದನ್ನು ತಿನ್ನು’ ಎಂಬ ಪ್ರವಾದಿಯವರ ಮಾತನ್ನು ಅಜ್ಜಿ ನನಗೆ ಕಲಿಸಿದ್ದು ಇಂಥ ಹರಿವಾಣದ ಮುಂದೆ.”

ಶಿಫಾಳ ಜೊತೆ ಒಂದು ಹರಿವಾಣದ ಸುತ್ತ ಕೂತಿದ್ದ ಜಮೀಲ್‌ಗೆ ಚುರುಗುಟ್ಟುವ ಹಸಿವು. ಹಿರಿಯನೆಂದು ಬಿಸ್ಮಿಲ್ಲಾ ಹೇಳಿದವನೇ ಎದುರಿಗಿದ್ದ ಪುಟ್ಟ ಆಮ್ನಾಳ ಮುಂದಿನ ದೊಡ್ಡ ಮಾಂಸದ ತುಂಡಿಗೇ ಕೈ ಹಾಕಿದ.

“ಅಬ್ಬಾ, ಅದು ಆಮ್ನಾ ಸೈಡ್,” ಎಂದಳು ಶಿಫಾ ಅಪ್ಪನಿಗೆ ಮೆಲ್ಲಗೆ. ಹಾಗೆಯೇ ಅವನೇ ಕಲಿಸಿದ ಅರಬ್ಬಿ ಸಾಲನ್ನೂ ಹೇಳಿದಳು.

ಮಕ್ಕಳು ಕಿಸಕ್ಕನೆ ನಕ್ಕರು. ಜಮೀಲ್‌ನ ಕಿವಿ ಕೆಂಪಾಯಿತು. “ಸಾರಿ ಆಮ್ನಾ,” ಎಂದು ಕೈ ಹಿಂದೆಗೆದ. ತನ್ನ ಬಾಯಲ್ಲೇ ಉಳಿದಿದ್ದ ಮಾತು ಮಗಳ ನಡತೆಗೆ ಇಳಿದಿದೆಯಲ್ಲ ಎಂದು ನಾಚಿಕೆಯ ನಡುವೆಯೂ ಅವನಿಗೆ ಹೆಮ್ಮೆಯಾಯಿತು. ಉನಿ ನಗಲಿಲ್ಲ, ಅವನ ಕಡೆಗೆ ಸ್ವಲ್ಪ ಅನ್ನ ಸರಿಸಿದರು ಅಷ್ಟೆ. ಎಂಥ ದೊಡ್ಡ ಮನಸ್ಸು!

ಸಭೆಯಲ್ಲಿ ಅವನು ಹೇಳಿದ್ದು ಇಷ್ಟೇ: “ಕ್ಲಾಸ್ ಇರ್ಲಿ. ಪೇರೆಂಟ್ಸೂ ಬಂದು ಕೂತ್ಕೊಳ್ಳಲಿ.”

ಸಂಜೆ ಅಡುಗೆಮನೆಯನ್ನೆಲ್ಲ ಹುಡುಕಿದರೂ ಹರಿವಾಣ ಸಿಗಲಿಲ್ಲ. ಜಮೀಲ್ ಪಿಜ್ಜಾ ಟ್ರೇ ತೊಳೆದು ಅನ್ನ ಬಡಿಸಿದ. ಮೂರು ಫೋನುಗಳನ್ನೂ ಫ್ರಿಜ್ಜಿನ ಮೇಲಿಟ್ಟು ನೆಲದ ಮೇಲೆ ಕೂತ.

“ಸ್ಟಾರ್ಟ್ ಮಾಡಿ ಅಬ್ಬಾ, ನೀವೇ ಎಲ್ಡರ್,” ಎಂದಳು ಶಿಫಾ.

ಅವನು ತನ್ನ ಮುಂದಿನ ಅನ್ನವನ್ನೇ ಕಲಸಿ, ಎಡಗೈ ಕೆಳಗೆ ಹಿಡಿದು ಮೊದಲ ತುತ್ತು ಎತ್ತಿದ.