ಸೇಂದಿ ಅಂಗಡಿಯ ತಗ್ಗು ಬಾಗಿಲು

ಹಣೆ ಮತ್ತೆ ಅದೇ ಕಲ್ಲಿಗೆ ಬಡಿಯಿತು. ಈ ಮನೆಗೆ ಬಂದ ಹದಿನೆಂಟು ದಿನಗಳಲ್ಲಿ ಇದು ಎಷ್ಟನೆಯ ಸಲವೋ! ಇತಿಹಾಸದ ಲೆಕ್ಚರರ್ ಉದಯಕುಮಾರ ಹಣೆ ಉಜ್ಜಿಕೊಂಡು, ಒಳಬಾಗಿಲ ಮೇಲಿನ ಕಲ್ಲುತೊಲೆಯನ್ನು ಗೌರವದಿಂದಲೇ ನೋಡಿದ.

ಆಂಧ್ರದ ಆದೋನಿಯ ಈ ಮನೆ ಮೂವತ್ತು ವರ್ಷದ ಹಿಂದೆ ಸೇಂದಿ ಅಂಗಡಿ. ಗೋಡೆ ದಪ್ಪ, ಬಾಗಿಲು ತಗ್ಗು. ಒಳಕೋಣೆ ತಂಪಾಗಿದ್ದರೆ ಮಡಕೆಯ ಸೇಂದಿ ಬೇಗ ಹುಳಿಯಾಗದು. ನೆಲ ಮೋರಿಯ ಕಡೆಗೆ ಇಳಿಜಾರು, ತೊಳೆಯಲು ಸುಲಭ. ಗೋಡೆಗುಂಟ ಕುಡಿಯುವವರ ಕಲ್ಲುಕಟ್ಟೆ. ಇದರ ಮೇಲೆ ಅವನು ಒಂದು ಗಂಟೆ ಪಾಠ ಮಾಡಬಲ್ಲ. ಬಗ್ಗುವುದು ಮಾತ್ರ ಮರೆತುಹೋಗುತ್ತದೆ.

ಮಾವನಿಗೆ ಮಾತ್ರ ಇದು ಹಳೆಯ ಅರಳೆ ಅಂಗಡಿ ಎಂದು ಹೇಳಿದ್ದ. ಹೊಳಗುಂದದ ಅರಳೆ ವ್ಯಾಪಾರಿ ಪಂಚಾಕ್ಷರಯ್ಯ ಲಿಂಗಪೂಜೆ ಬಿಡದವರು. ನಿಜ ಗೊತ್ತಾದರೆ ಇಲ್ಲಿ ನೀರೂ ಮುಟ್ಟುವುದಿಲ್ಲ, ಮಗಳನ್ನೂ ಕರೆದುಕೊಂಡು ಹೊರಟಾರು. ಇವತ್ತು ಮೊದಲ ಸಲ ಬರುವವರಿದ್ದರು.

ಫ್ಯಾನ್ ಹಾಕಲು ಬಂದ ನರೆಗಡ್ಡದ ದಸ್ತಗಿರಿ, ಮೇಲೆ ನೋಡದೆ ಸರಕ್ಕನೆ ಬಗ್ಗಿ ಒಳಗೆ ಹೋದ.

“ಈ ಮನೀಗೆ ಮೊದ್ಲು ಬಂದಿದ್ರೇನು?”

“ಲೇದ್ ಸಾರ್. ಇದೇ ಫಸ್ಟ್.” ಮುದುಕ ಫ್ಯಾನಿನ ರೆಕ್ಕೆ ಒರೆಸತೊಡಗಿದ.

ಮಾವ ಬಂದರು. ಕೈಯಲ್ಲಿ ಹೋಳಿಗೆ ಡಬ್ಬಿ, ಮುಖ ಹಿಂದೆ ಬರುತ್ತಿದ್ದ ಮಗಳ ಕಡೆ.

“ಮಾವಾರ, ತಲೆ! ತಲೆ!”

ಉದಯ ಕೂಗುವಷ್ಟರಲ್ಲಿ ಅವರು ಹದವಾಗಿ ಬಗ್ಗಿ, ದಾಟಿ, ಮೂಲೆಯ ಕಟ್ಟೆಯ ಮೇಲೆ ಕೂತಾಗಿತ್ತು.

ದಸ್ತಗಿರಿಯೂ ಅವರೂ ಒಬ್ಬರನ್ನೊಬ್ಬರು ನೋಡಿದರು. ಗೋಡೆ ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

“ಅರಳೆ ಅಂಗಡಿ ಭಾಳ ತಂಪೈತಿ, ಅಳಿಯಂದ್ರ,” ಎಂದರು ಮಾವ, ಕಟ್ಟೆ ಸವರುತ್ತ. “ಗಂಗೋತ್ರಿ, ಚಾ ತಾರವ್ವ.”

ಬದುಕಿದೆ! ಪಡಸಾಲೆಯಲ್ಲಿ ನಿಂತಿದ್ದ ಉದಯನಿಗೆ ಕುಣಿಯಬೇಕೆನಿಸಿತು. ಗಂಗೋತ್ರಿ ಚಹಾದ ತಟ್ಟೆ ಹಿಡಿದು, ಮೇಲೆ ನೋಡದೆ, ಬಗ್ಗಿ ಒಳಗೆ ಹೋದಳು. ಹೆಂಡತಿಗೂ ಅದು ಬಂದುಬಿಟ್ಟಿದೆ ಎಂಬುದನ್ನು ಅವನು ಈಗಲೇ ಗಮನಿಸಿದ್ದು. ಒಳಗಿನಿಂದ ಮೂವರ ನಗು ಕೇಳಿಸಿತು. ಅವನಿಗೆ ಹೊಟ್ಟೆಕಿಚ್ಚಾಯಿತು.

ತಾನೂ ಹಾಗೇ ಹೋಗಬೇಕು. ಏನೂ ಯೋಚಿಸದೆ, ಸ್ವಂತ ಮನೆಗೆ ಹೋಗುವವನಂತೆ. ಪಡಸಾಲೆಯ ಆ ತುದಿಗೆ ಹೋಗಿ, ಕೈ ಬೀಸುತ್ತ ನಡೆದುಬಂದ. ಎರಡು ಹೆಜ್ಜೆ ಮೊದಲೇ ಬಗ್ಗಿದ. ಸರಿಯಾಗಿ ಕಲ್ಲಿನಡಿ ತಲೆ ಎತ್ತಿದ.

ಒಳಗೆ ನಗು ನಿಂತಿತು.

“ಯಾರಪಾ ಅದು?” ಮಾವನ ದನಿ. “ಹೊಸಬ ಅದಾನೇನು?”

ಉದಯಕುಮಾರ ಹಣೆ ಹಿಡಿದುಕೊಂಡು, ಬಾಗಿಲಲ್ಲಿ ಬಗ್ಗಿಯೇ ನಿಂತ.