ಅದಲುಬದಲಾದ ಗುಳಿಗೆ ಡಬ್ಬಿ

ನಾನು ಸಿಟ್ಟಿನ ಹೆಂಗಸು. ಅಬಲೂರಿನ ಶಾಲೆಯಲ್ಲಿ ಇಪ್ಪತ್ತು ವರ್ಷ ಕಲಿಸಿದವಳು. ಸಿಟ್ಟಿಲ್ಲದಿದ್ದರೆ ಮಕ್ಕಳು ತಲೆಯ ಮೇಲೆ ಕೂರುತ್ತಿದ್ದವು. ೧೯೮೪ರಲ್ಲಿ ಬೆರಳ ಗೆಣ್ಣುಗಳು ಬಾತು, ಬೆಳಗ್ಗೆ ಸೀರೆಯ ನಿರಿಗೆ ಹಿಡಿಯಲೂ ಆಗದೆ ಹೋದಾಗ ಮಾತ್ರ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಊರವರು ವಾತವೆಂದರು, ಎಣ್ಣೆ ತಿಕ್ಕಿದರು, ಬರೆ ಹಾಕಿದರು.

ಹಾನಗಲ್ಲಿನ ಧರ್ಮಾಸ್ಪತ್ರೆಗೆ ಬರುತ್ತಿದ್ದ ಡಾಕ್ಟರ್ ಉಡಚಪ್ಪನವರು ಕೈ ಹಿಡಿದು ನೋಡಿದರು. "ಇದು ಬೇಲಿನ ಎದ್ದು ಹೊಲ ಮೇದಂಗ ಅಕ್ಕೋರ. ಮೈ ಕಾಯೋ ಶಕ್ತಿನ ಕೀಲು ತಿನ್ನಾಕತ್ತೇತಿ," ಎಂದರು. ನೋವಿನ ಗುಳಿಗೆ ನುಂಗಿಕೊಂಡಿರಬಹುದು, ಬಂಗಾರದ ಅಂಶವಿರುವ ಇಂಜೆಕ್ಷನ್ ತಗೊಳ್ಳಬಹುದು, ಇಲ್ಲವೇ ಅವರು ನಡೆಸುತ್ತಿದ್ದ ಹೊಸ ಗುಳಿಗೆಯ ಪರೀಕ್ಷೆಗೆ ಹೆಸರು ಕೊಡಬಹುದು. ಪರೀಕ್ಷೆಗೆ ಸೇರಿದ ನಲವತ್ತು ಜನರಲ್ಲಿ ಅರ್ಧಕ್ಕೆ ಖರೇ ಗುಳಿಗೆ, ಅರ್ಧಕ್ಕೆ ನೋಡಲು ಅಂಥದೇ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂಬುದು ಮುಚ್ಚಿದ ಲಕೋಟೆಯಲ್ಲಿ, ಡಾಕ್ಟರಿಗೂ ಗೊತ್ತಿಲ್ಲ. ವಾರಕ್ಕೆ ಒಂದೇ. ಇನ್ನೊಬ್ಬರಿಗೆ ಕೊಡಕೂಡದು. ಬೇಡವೆನಿಸಿದರೆ ಯಾವಾಗಲೂ ಬಿಡಬಹುದು. ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನನ್ನ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದವಳು ಸವಣೂರಿನ ಮುಮ್ತಾಜಬೇಗಂ. ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವುದು ಅವಳ ಕೆಲಸ. ತಿಂಗಳಿಗೊಮ್ಮೆ ಭೇಟಿಯಾಗಿ, ಆಸ್ಪತ್ರೆಯ ಕಟ್ಟೆಯ ಮೇಲೆ ಬುತ್ತಿ ಹಂಚಿಕೊಂಡು ತಿನ್ನುವಷ್ಟು ಸಲಿಗೆ ಬೆಳೆಯಿತು.

ಮೂರನೆಯ ತಿಂಗಳಿಗೆ ನನ್ನ ಮುಷ್ಟಿ ಮಡಚಿತು. ಅವಳಿಗೆ ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ಡಾಕ್ಟರ ಮುಂದೆ ಮಾತ್ರ "ಅಡ್ಡಿಯಿಲ್ರಿ, ಆರಾಮದೇನಿ" ಎಂದು ಸಾಧಿಸುತ್ತಿದ್ದಳು. ಪರೀಕ್ಷೆಯಿಂದ ಹೆಸರು ಹೊಡೆದುಹಾಕಿಯಾರೆಂಬ ಹೆದರಿಕೆ.

"ನಿಮಗ ಖರೇದು ಬಂದೇತ್ರಿ ಅಕ್ಕೋರ. ನನ್ನ ನಸೀಬಿಗೆ ಹಿಟ್ಟು," ಎಂದಳು.

ಆ ಮಾತಿನಲ್ಲಿ ಹೊಟ್ಟೆಕಿಚ್ಚಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. ಇರಲಿಲ್ಲ. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರಿಗೆ ಹೋಳಿಗೆ, ಇನ್ನೊಬ್ಬರಿಗೆ ಗಂಜಿ ಬಡಿಸಿದರೆ ನಮ್ಮ ಕಡೆ ಉಣ್ಣುವವರು ಎಲೆ ಬಿಟ್ಟು ಏಳುತ್ತಾರೆ. ಪಂಕ್ತಿಭೇದ ಪಾಪವೆಂದು ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ಆ ತಿಂಗಳಿಗೆಂದು ಕೊಟ್ಟ ನನ್ನ ಗುಳಿಗೆ ಡಬ್ಬಿಯನ್ನು ಅವಳ ಕೈಗಿಟ್ಟು ಅವಳದನ್ನು ತೆಗೆದುಕೊಂಡೆ. "ಈ ತಿಂಗಳು ನಿನ್ನ ಪಾಳಿ. ವಾರಕ್ಕ ಒಂದ ನೋಡು, ಮರೀಬ್ಯಾಡ," ಎಂದೆ. ದೊಡ್ಡ ಪುಣ್ಯ ಕಟ್ಟಿಕೊಂಡವಳಂತೆ ಬಸ್ಸು ಹತ್ತಿದೆ.

ಹತ್ತನೆಯ ದಿನ ಅವಳ ಮಗಳು ಶಾಕೀರಾ ಅಬಲೂರಿಗೆ ಓಡಿಬಂದಳು. "ಅಮ್ಮಿ ಹಾನಗಲ್ಲ ದವಾಖಾನ್ಯಾಗ ಅದಾಳ್ರಿ. ಜ್ವರ, ಬಾಯಿತುಂಬ ಹುಣ್ಣು. ಲಗೂನ ಆರಾಮಾಗಲಿ ಅಂತ ದಿನಾ ಒಂದರಂಗ ನುಂಗಿಬಿಟ್ಟಾಳ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ತಗೊಂಡಾಳ್ರಿ."

ನಾನು ಹೋದಾಗ ಡಾಕ್ಟರು ಲಕೋಟೆ ಒಡೆದು ನಿಂತಿದ್ದರು. "ಇಕಿದು ಹಿಟ್ಟಿನ ಗುಳಿಗಿ. ಅಂದಮ್ಯಾಲೆ ಇದು ಗುಳಿಗಿಂದ ಬಂದದ್ದಲ್ಲ, ಬ್ಯಾರೆ ಜ್ವರ," ಎಂದು ನರ್ಸಿಗೆ ಹೇಳುತ್ತಿದ್ದರು.

ಮುಮ್ತಾಜ ನನ್ನನ್ನೇ ನೋಡುತ್ತಿದ್ದಳು. ತುಟಿ ತೆರೆಯಲಾಗುತ್ತಿರಲಿಲ್ಲ. ಬಾಯಿ ಬಿಟ್ಟರೆ ನನ್ನ ಗುಳಿಗೆಯೂ ನಿಲ್ಲುತ್ತದೆ, ಕೈ ಮತ್ತೆ ಸೆಟೆಯುತ್ತದೆ ಎಂದು ನನಗೆ ಗೊತ್ತಿತ್ತು. ಮುಚ್ಚಿಡುವುದಿಲ್ಲ, ಗೆಳತಿ ಸಾಯುತ್ತಿರುವಾಗ ಒಂದು ಗಳಿಗೆ ನಾನು ನನ್ನ ಬೆರಳುಗಳ ಲೆಕ್ಕ ಹಾಕಿದೆ. ಆಮೇಲೆ ಎಲ್ಲ ಹೇಳಿದೆ.

ಗುಳಿಗೆಯ ವಿಷ ಇಳಿಸುವ ಇಂಜೆಕ್ಷನ್ನನ್ನು ಹುಬ್ಬಳ್ಳಿಯಿಂದ ತರಿಸಿದರು. ಹದಿನೈದು ದಿನ ಹೋರಾಡಿ ಅವಳು ಬದುಕಿದಳು. ಡಾಕ್ಟರು ಬೈಯಲಿಲ್ಲ; ಬೈದಿದ್ದರೆ ಹಗುರಾಗುತ್ತಿದ್ದೆ. ಇಬ್ಬರ ಹೆಸರಿಗೂ ಗೆರೆ ಎಳೆದು, "ಆಕಿಗೆ ಹೆಚ್ಚಾಗೇತಿ ಅಂತ ಒಂದು ಮಾತು ಅಂದಿದ್ರ, ಅವತ್ತ ಪರೀಕ್ಷಾದಿಂದ ಬಿಡಿಸಿ ಬಂಗಾರದ ಇಂಜೆಕ್ಷನ್ ಸುರು ಮಾಡ್ತಿದ್ದೆ ಅಕ್ಕೋರ," ಎಂದರು.

ಆ ಇಂಜೆಕ್ಷನ್ ಅವಳಿಗೆ ಹಿಡಿಯಿತು. ನನಗೆ ಮೈಯೆಲ್ಲ ದದ್ದು ಎದ್ದು ಎರಡೇ ತಿಂಗಳಿಗೆ ನಿಲ್ಲಿಸಬೇಕಾಯಿತು. ಬೆರಳುಗಳು ಸೊಟ್ಟಗಾದವು.

ಮರುವರ್ಷ ಪರೀಕ್ಷೆಗೆ ಹೊಸಬರು ಬಂದರು. ಕಾಗದದಲ್ಲಿರುವುದನ್ನು ಅವರ ಮಾತಿನಲ್ಲೇ ತಿಳಿಸಿ ಹೇಳಲು ಡಾಕ್ಟರು ನನ್ನನ್ನು ಕರೆದರು. ರಟ್ಟೀಹಳ್ಳಿಯಿಂದ ಬಂದ ಹೊಳೆವ್ವ ಎಲ್ಲ ಕೇಳಿಸಿಕೊಂಡು, "ನಿಮಗ ಯಾವುದು ಸಿಕ್ಕಿತ್ರಿ?" ಎಂದಳು.

"ಖರೇದು."

ಅವಳು ನನ್ನ ಕೈ ನೋಡಿದಳು. "ಮತ್ತ ಹಿಂಗ್ಯಾಕ್ರಿ?"

ಇದ್ದದ್ದನ್ನೆಲ್ಲ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಗೆಳತಿ ಬಾಜೂಕ ಕುಂತು ನರಳಾಕತ್ತಿದ್ರ ಕೊಡದ ಹೆಂಗಿರೂದ್ರಿ?" ಎಂದಳು.

"ಕೊಡಬ್ಯಾಡ," ಎಂದೆ. "ಎದ್ದು ಒಳಗ ಹೋಗು. ಆಕಿ ಸುಳ್ಳು ಹೇಳಾಕತ್ತಾಳ, ಆಕಿಗೆ ಆರಾಮಿಲ್ಲ ಅಂತ ಡಾಕ್ಟರಿಗೆ ಹೇಳು. ಆಕಿ ಮಾತು ಬಿಟ್ರೂ ಬಿಡಲಿ. ಬಾಗಲಾ ಹತ್ತು ಹೆಜ್ಜಿ ಇತ್ತವ್ವಾ, ನಾ ಎದ್ದು ಹೋಗಲಿಲ್ಲ."