ಡೊಂಬಿವಲಿಯಿಂದ ಬಂದ ಐದು ಪದ

ನಮ್ಮ ಕನ್ನಡ ಸಂಘದವರು ಯಾವುದನ್ನು ಮುಟ್ಟಿದರೂ ಅದನ್ನೊಂದು ಪರೀಕ್ಷೆ ಮಾಡಿಬಿಡುತ್ತಾರೆ. ಅರವತ್ತು ದಾಟಿದ ಆರೋಗ್ಯವಂತರಿಗೆ ಮರೆವಿನ ಕಾಯಿಲೆಯ ಬಗ್ಗೆ ತಿಳಿವಳಿಕೆ ಶಿಬಿರ, ಜೊತೆಗೆ ನೆನಪಿನ ಒಂದು ಸಣ್ಣ ತಪಾಸಣೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ‘ಇದು ಪರೀಕ್ಷೆಯಲ್ಲ, ಭಯ ಬೇಡ’ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದರು. ಅದನ್ನು ಯಾರೂ ಓದಿದಂತಿರಲಿಲ್ಲ. ಮೊದಲ ಭಾನುವಾರ ಡೊಂಬಿವಲಿಯಲ್ಲಿ, ಮರುವಾರ ನಮ್ಮ ನೆರೂಳಿನಲ್ಲಿ. ಡೊಂಬಿವಲಿಯದು ಮುಗಿದು ಅರ್ಧ ಗಂಟೆಯಾಗಿರಲಿಲ್ಲ, ಅಲ್ಲಿಯ ಸುಲೋಚನಾ ನನಗೆ ಫೋನ್ ಮಾಡಿದಳು.

“ವಿಮಲಕ್ಕ, ಬರ್ಕೊಳ್ಳಿ. ಐದು ಪದ ಹೇಳ್ತಾರೆ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳ್ತಾರೆ. ಆನೆ, ಕೊಡೆ, ಬೀಗ, ನದಿ, ಮಲ್ಲಿಗೆ. ನೆರೂಳಿನವರು ಯಾರೂ ಫೇಲ್ ಆಗುದು ಬೇಡ.”

ಸಂಜೆಯೊಳಗೆ ನೆರೂಳಿನ ಎಲ್ಲ ಹಿರಿಯ ನಾಗರಿಕರ ಹತ್ತಿರ ಪ್ರಶ್ನೆಪತ್ರಿಕೆ ಇತ್ತು. ಅರವತ್ತೈದು ವರ್ಷ ಬದುಕಿದರೂ ಕಾಪಿ ಹೊಡೆಯುವ ಬುದ್ಧಿ ಹೋಗಲಿಲ್ಲವಲ್ಲ ಎಂದು ನಾನು ಬೈದುಕೊಂಡೆ. ಬೈದುಕೊಂಡೇ ಕ್ಯಾಲೆಂಡರಿನ ಹಿಂದೆ ಐದೂ ಪದ ಬರೆದಿಟ್ಟೆ. ನನಗಾಗಿ ಅಲ್ಲ, ನನ್ನ ಗಂಡನಿಗಾಗಿ.

ನನ್ನ ಗಂಡ ದೇಜಪ್ಪ ತುರ್ಭೆಯ ಒಂದು ಕ್ಯಾಂಟೀನಿನಲ್ಲಿ ಮೂವತ್ತೆಂಟು ವರ್ಷ ದುಡಿದವರು. ಹನ್ನೆರಡು ಟೇಬಲಿನ ಆರ್ಡರನ್ನು ಚೀಟಿಯಿಲ್ಲದೆ ಒಳಗೆ ಕೂಗುತ್ತಿದ್ದರು. ಆ ಕ್ಯಾಂಟೀನು ಮುಚ್ಚಿ ಒಂಬತ್ತು ವರ್ಷವಾಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ಠಾಣೆ ಊರಿನಿಂದ ಲೋಕಲ್ ರೈಲಿನಲ್ಲಿ ಬರುವಾಗ ನೆರೂಳಿಗೆ ಬರದೆ ತುರ್ಭೆಯಲ್ಲಿ ಇಳಿದು, ಆ ಮುಚ್ಚಿದ ಶಟರಿನ ಮುಂದೆ ಎರಡು ಗಂಟೆ ನಿಂತಿದ್ದರು. ಪಕ್ಕದ ಗೋಡೌನಿನ ವಾಚ್‌ಮನ್ ಫೋನ್ ಮಾಡಿದ. ನಾನು ರಿಕ್ಷಾದಲ್ಲಿ ಹೋಗಿ ಕರೆದುಕೊಂಡು ಬಂದೆ. ಹಳೆಯ ಸ್ನೇಹಿತರನ್ನು ಕಾಣಲು ಹೋಗಿದ್ದರು ಎಂದು ಮಗ ಯೋಗೀಶನಿಗೆ ಸುಳ್ಳು ಹೇಳಿದೆ.

ಯಾಕೆ ಹೇಳಿದೆ ಎಂದರೆ, ಮೊಮ್ಮಗಳು ಮಾನಸಿಯನ್ನು ಶಾಲೆಯಿಂದ ಕರೆತರುವುದು ಇವರ ಕೆಲಸ. ಯೋಗೀಶ, ಸೊಸೆ ರಮಿತಾ ಇಬ್ಬರೂ ಎಂಟರ ಲೋಕಲ್ ಹಿಡಿಯುತ್ತಾರೆ. ಇವರು ಹನ್ನೊಂದಕ್ಕೇ ಅಂಗಿ ಇಸ್ತ್ರಿ ಮಾಡಿ, ತಲೆ ಬಾಚಿ, ಗಡಿಯಾರ ನೋಡುತ್ತಾ ಕೂರುತ್ತಾರೆ. ದಿನದಲ್ಲಿ ಇವರಿಗೆ ಉಳಿದಿರುವುದು ಅದೊಂದೇ. ವಿಷಯ ತಿಳಿದರೆ ಯೋಗೀಶ ಮರುದಿನವೇ ವ್ಯಾನ್ ಗೊತ್ತುಮಾಡುತ್ತಾನೆ. ಆಮೇಲೆ ಇವರು ಕುರ್ಚಿ ಬಿಟ್ಟು ಏಳುವುದಿಲ್ಲ. ಹಾಗೆ ಕೂತವರನ್ನು ನಾನು ಕಂಡಿದ್ದೇನೆ. ನನ್ನ ಅತ್ತೆ ಆರು ವರ್ಷ ಹಾಗೆಯೇ ಕೂತಿದ್ದರು. ಉಣಿಸಿದ್ದು, ತೊಳೆದದ್ದು, ಬೈಸಿಕೊಂಡದ್ದು ಎಲ್ಲ ನಾನೇ. ಇನ್ನೊಮ್ಮೆ ಅದನ್ನು ಮೊದಲಿನಿಂದ ಶುರುಮಾಡುವ ಶಕ್ತಿ ನನ್ನಲ್ಲಿ ಇಲ್ಲ.

ಹಾಗಾಗಿ ಒಂದು ವಾರ ಪಾಠ ನಡೆಯಿತು. ದೋಸೆ ಎರೆಯುತ್ತಾ ಕೇಳಿದೆ, ಬಟ್ಟೆ ಒಣಹಾಕುತ್ತಾ ಕೇಳಿದೆ. ಮೊದಲೆರಡು ದಿನ ನದಿ ಬಿಟ್ಟುಹೋಗುತ್ತಿತ್ತು. ಇವರು ಒಮ್ಮೆಯೂ ಸಿಡುಕದೆ ಹೇಳಿದ್ದನ್ನು ಹೇಳಿದರು. ಶನಿವಾರದ ಹೊತ್ತಿಗೆ ಐದೂ ಬಾಯಿಪಾಠವಾಗಿತ್ತು. ನನ್ನ ಗಂಟಲು ಒಣಗಿತ್ತು.

ಶಿಬಿರದಲ್ಲಿ ಡಾಕ್ಟರು ಚೆನ್ನಾಗಿಯೇ ಮಾತಾಡಿದರು. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ, ನಡೆಯಿರಿ, ಕಿವಿ ಕೇಳದಿದ್ದರೆ ನಾಚಿಕೆಪಡದೆ ಮಷೀನು ಹಾಕಿಕೊಳ್ಳಿ, ಹೊಸದೇನಾದರೂ ಕಲಿಯಿರಿ, ನಾಲ್ಕು ಜನರ ಜೊತೆ ಬೆರೆಯಿರಿ ಎಂದರು. ಕಲ್ಯಾಣದಿಂದ ಬಂದಿದ್ದ ಅಂಬಾರಾಯರು ಎದ್ದು, “ದಿನಕ್ಕ ಅಕ್ರೋಡ ಎಷ್ಟ ತಿನ್ನಬೇಕ್ರೀ ಸರ?” ಎಂದು ಕೇಳಿದರು. ಬರೀ ವಾಲ್‌ನಟ್ ತಿಂದರೆ ಏನೂ ಆಗುವುದಿಲ್ಲ ಎಂದು ಡಾಕ್ಟರು ನಕ್ಕರು. ಹೆಸರು ತಡವಾಗಿ ನೆನಪಾದರೆ ಹೆದರಬೇಡಿ, ದಿನಾ ಹೋಗುವ ದಾರಿಯೇ ತಪ್ಪಿದರೆ ಮುಚ್ಚಿಡದೆ ಬನ್ನಿ, ಕೆಲವು ಸಲ ಅದು ಥೈರಾಯ್ಡೋ ವಿಟಮಿನ್ ಕೊರತೆಯೋ ಆಗಿರುತ್ತದೆ, ಸರಿಮಾಡಬಹುದು ಎಂದರು. ನಾನು ಫ್ಯಾನ್ ನೋಡುತ್ತಾ ಕೂತೆ.

ತಪಾಸಣೆಗೆ ನಮ್ಮ ಮುಂದೆ ಕೂತವಳು ಅನುಷ್ಕಾ ಎಂಬ ಹುಡುಗಿ. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕಾಗದ ನೋಡಿಕೊಂಡು ನಿಧಾನವಾಗಿ ಓದಿದಳು: “ಕುದುರೆ, ಚಮಚ, ಬೆಟ್ಟ, ಗಂಟೆ, ಸೇವಂತಿಗೆ.”

ಪದಗಳನ್ನು ಬದಲಾಯಿಸಿದ್ದರು. ಇವರು ಅವಳ ಹಿಂದೆಯೇ ಐದನ್ನೂ ಸರಿಯಾಗಿ ಹೇಳಿದರು. ಗಡಿಯಾರದ ಚಿತ್ರ ಬರೆಸಿದಳು, ತಿಂಗಳು ಕೇಳಿದಳು. ಆಮೇಲೆ, “ಅಂಕಲ್, ವೋ ಪಾಂಚ್ ವರ್ಡ್ಸ್?” ಎಂದಳು.

ಇವರು ನೆಟ್ಟಗೆ ಕೂತು, “ಆನೆ, ಕೊಡೆ, ಬೀಗ, ನದಿ, ಮಲ್ಲಿಗೆ” ಎಂದರು. ಒಂದೂ ತಪ್ಪಲಿಲ್ಲ. ಹೇಳಿ ಮುಗಿಸಿ ನನ್ನ ಮುಖ ನೋಡಿದರು.

ಅನುಷ್ಕಾ ಡೊಂಬಿವಲಿಗೂ ಹೋಗಿದ್ದಿರಬೇಕು. ಅವಳು ನಗಲಿಲ್ಲ. ಮನೆಯವರನ್ನು ಕೇಳಬೇಕಾದ ಪ್ರಶ್ನೆಗಳ ಹಾಳೆ ತೆಗೆದು ನನ್ನ ಕಡೆ ತಿರುಗಿದಳು. ಗೊತ್ತಿರುವ ದಾರಿಯನ್ನು ಅಂಕಲ್ ಎಂದಾದರೂ ತಪ್ಪಿದ್ದುಂಟಾ ಎಂದು ಹಿಂದಿಯಲ್ಲಿ ಕೇಳಿದಳು.

“ಇಲ್ಲ” ಎಂದೆ.

“ಉಂಟು” ಎಂದರು ಇವರು.

ನಾನು ಮೇಜಿನ ಕೆಳಗೆ ಅವರ ಮೊಣಕಾಲು ಒತ್ತಿದೆ. ಅವರು ನನ್ನ ಕೈಯನ್ನು ಮೆಲ್ಲನೆ ಸರಿಸಿದರು.

“ತುರ್ಭೆದು ಒಂದು ಬಿಡು ವಿಮಲಾ. ಶಾಲೆ ಗೇಟಿಂದ ಹೊರಗೆ ಬಂದ್ರೆ ನಂಗೆ ಎಡಕ್ಕಾ ಬಲಕ್ಕಾ ಗೊತ್ತಾಗುದಿಲ್ಲ. ಒಂದು ತಿಂಗಳಾಯ್ತು, ಮಾನಸಿಯನ್ನ ನಾನು ಕರ್ಕೊಂಡು ಬರುದಲ್ಲ. ಅವಳೇ ನನ್ನ ಕೈ ಹಿಡ್ಕೊಂಡು ಬರುದು. ರಸ್ತೆ ದಾಟುವಾಗ ‘ಅಜ್ಜ, ರುಕೋ’ ಹೇಳಿ ನಿಲ್ಲಿಸ್ತಾಳೆ. ಅಜ್ಜಿಗೆ ಹೇಳ್ಬೇಡ ಅಂತ ನಾನೇ ಹೇಳಿದ್ದು.”

ಮಾನಸಿಗೆ ಆರು ವರ್ಷ. ಆ ರಸ್ತೆಯಲ್ಲಿ ಟ್ಯಾಂಕರುಗಳು ಓಡುತ್ತವೆ. ಇವರ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲೇ ತಿರುಗಿ ನನ್ನ ಮೇಲೆ ಬಂತು. ಮಗು ದಿನಾ ಮಧ್ಯಾಹ್ನ ಅಜ್ಜನನ್ನು ರಸ್ತೆ ದಾಟಿಸುವಾಗ ನಾನು ಮನೆಯಲ್ಲಿ ಇವರ ಮಾನ ಕಾಯುತ್ತಿದ್ದೆ.

“ಮತ್ತೆ ಒಂದು ವಾರ ಅದನ್ನು ಯಾಕೆ ಬಾಯಿಪಾಠ ಮಾಡಿದ್ದು ನೀವು?” ಎಂದು ಕೇಳಿದೆ.

“ನೀನು ಅಷ್ಟು ದಣಿದುಕೊಂಡು ಕಲಿಸ್ತಿದ್ದೆ. ನಾನು ಪಾಸಾದ್ರೆ ನಿಂಗೆ ಒಳ್ಳೆ ನಿದ್ರೆ ಬರ್ಬಹುದು ಅಂತ.”

ನನಗೆ ಅಳು ಬರಲಿಲ್ಲ. ಅಳುವುದಕ್ಕೂ ಸುಸ್ತಾಗಿತ್ತು. ಅನುಷ್ಕಾಳ ಪೆನ್ನು ಇನ್ನೂ ಹಾಳೆಯ ಮೇಲೆಯೇ ನಿಂತಿತ್ತು.

“ನಾನು ಹೇಳಿದ್ದು ಹೊಡೆದುಹಾಕು ಮಗಾ. ಉಂಟು ಅಂತ ಬರಿ” ಎಂದೆ. ದೀಪಾವಳಿಯಿಂದ ಈಚಿನದ್ದೆಲ್ಲ ಹೇಳಿದೆ. ಅವಳು ಬರೆದುಕೊಂಡಳು, ರಕ್ತಪರೀಕ್ಷೆ ಬರೆಸಿಕೊಳ್ಳಲೆಂದು ಡಾಕ್ಟರನ್ನು ಕರೆಯಲು ಎದ್ದುಹೋದಳು. ನಾನು ಅಲ್ಲಿಂದಲೇ ಯೋಗೀಶನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ವ್ಯಾನ್ ಸಿಗಲು ಒಂದು ವಾರವಾದರೂ ಬೇಕು ಅಮ್ಮ ಎಂದ ಅವನು. ಅಲ್ಲಿಯವರೆಗೆ ನಾನು ಹೋಗುತ್ತೇನೆ ಎಂದು ಫೋನ್ ಇಟ್ಟೆ.

ಇವರು ಎರಡೂ ಕೈ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದರು.

“ನಾಳೆ ನಾನು ಅಂಗಿ ಇಸ್ತ್ರಿ ಮಾಡುದು ಬೇಡ ಅಲ್ಲವಾ?” ಎಂದು ಕೇಳಿದರು.

“ಮಾಡಿ” ಎಂದೆ. “ನನಗೊಬ್ಬಳಿಗೆ ಬಿಸಿಲಲ್ಲಿ ಅಷ್ಟು ದೂರ ನಡೀಲಿಕ್ಕೆ ಆಗುದಿಲ್ಲ.”